ಬಾಡಿಗೆ ಇಳಿಸುವ ಮೊದಲು ಷರತ್ತು ಇಳಿಸಿ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾಡಿಗೆ ಮನೆಯ ಬಗ್ಗೆ. ಅದೂ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಕಡೆಯವು. ಮಾಲೀಕರ ದೂರು ಹೆಚ್ಚುಕಮ್ಮಿ ಒಂದೇ: ಬಾಡಿಗೆ ಕಡಿಮೆ ಇಟ್ಟಿದ್ದೇವೆ, ಆದರೂ ಹುಡುಗ ಹುಡುಗಿಯರು ಬರುವುದಿಲ್ಲ, ಬಂದವರು ನಿಲ್ಲುವುದಿಲ್ಲ. ಒಬ್ಬ ಬಾಡಿಗೆದಾರರ ಪತ್ರವೂ ಇದೆ. ಅದನ್ನು ಮಾಲೀಕರು ತಪ್ಪಿಸಿಕೊಳ್ಳದಿರಲಿ ಅಂತ ಮಧ್ಯದಲ್ಲೇ ಇಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಶಿವಮೊಗ್ಗದ ವಿನೋಬನಗರದಲ್ಲಿ ಮನೆ. ಮಹಡಿ ಮೇಲೆ ಮೂರು ಸಿಂಗಲ್ ರೂಮು ಕಟ್ಟಿಸಿದ್ದೇನೆ. ಒಂದೊಂದಕ್ಕೂ ಬಚ್ಚಲು, ಟಾಯ್ಲೆಟ್, ಸಣ್ಣ ಅಡುಗೆ ಕಟ್ಟೆ ಇದೆ. 5,500 ಇದ್ದ ಬಾಡಿಗೆಯನ್ನು 4,500ಕ್ಕೆ ಇಳಿಸಿದರೂ ಎರಡು ರೂಮು ನಾಲ್ಕು ತಿಂಗಳಿಂದ ಖಾಲಿ. ಬರುತ್ತಾರೆ, ನೋಡುತ್ತಾರೆ, "ಹೇಳ್ತೀವಿ ಸಾರ್" ಅಂತಾರೆ, ಆಮೇಲೆ ಫೋನ್ ಎತ್ತುವುದಿಲ್ಲ. ನನ್ನ ಷರತ್ತುಗಳೇನೂ ಜಾಸ್ತಿ ಇಲ್ಲ. ರಾತ್ರಿ ಒಂಬತ್ತಕ್ಕೆ ಗೇಟಿಗೆ ಬೀಗ, ಮಾಂಸ ಬೇಯಿಸಬಾರದು, ಸ್ನೇಹಿತರು ಬರಬಾರದು, ನೀರು ಬೆಳಿಗ್ಗೆ ಸಂಜೆ ಒಂದೊಂದು ಗಂಟೆ, ಅಡ್ವಾನ್ಸ್ 50,000. ಬಾಡಿಗೆ ಇನ್ನೂ ಇಳಿಸಬೇಕಾ?

ಉತ್ತರ: ಬೇಡ ಮೇಷ್ಟ್ರೇ, ಒಂದು ರೂಪಾಯಿಯನ್ನೂ ಇಳಿಸಬೇಡಿ. ನಾನು ಹೇಳುವ ಕೆಲಸಗಳನ್ನು ಮಾಡಿದರೆ ಮತ್ತೆ 5,500 ಕೇಳಬಹುದು.

ಮೊದಲು ಲೆಕ್ಕ ನೋಡೋಣ. ಎರಡು ರೂಮು, ನಾಲ್ಕು ತಿಂಗಳು, 4,500 ಅಂತ ಹಿಡಿದರೂ 36,000 ರೂಪಾಯಿ ಹೋಯಿತು. ತಿಂಗಳಿಗೆ ಐನೂರು ಇಳಿಸಿ ಈ ಹಣ ಹಿಂದೆ ಬರಲ್ಲ. ಅಲ್ಲದೆ ಅಕ್ಕಪಕ್ಕದಲ್ಲಿ ಇಂಥದೇ ರೂಮಿಗೆ ಆರು ಸಾವಿರ ಇರುವಾಗ ನಿಮ್ಮದು ನಾಲ್ಕಕ್ಕೆ ಬಂತು ಅಂದರೆ ಹುಡುಗರಿಗೆ ಖುಷಿ ಆಗಲ್ಲ, ಅನುಮಾನ ಬರುತ್ತದೆ. ನೀರಿಲ್ವಾ, ಸೋರುತ್ತಾ, ಓನರ್ ಕಿರಿಕಿರಿನಾ ಅಂತ. ನಿಮ್ಮ ಪತ್ರ ಓದಿದರೆ ಮೂರನೆಯದು ಸ್ವಲ್ಪ ನಿಜವೇ ಅನ್ನಿಸುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಅಡ್ವಾನ್ಸ್ ವಿಷಯ. 4,500ರ ರೂಮಿಗೆ 50,000 ಅಂದರೆ ಹನ್ನೊಂದು ತಿಂಗಳ ಬಾಡಿಗೆ. ಇದು ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದ ಕಾಲದಿಂದ ಇಲ್ಲಿಗೆ ಬಂದ ಚಾಳಿ. ನಿಮ್ಮ ರೂಮಿಗೆ ಬರುವವರು ಯಾರು? ಮೊದಲ ಸಂಬಳ ಕೈಗೆ ಬಂದ ಲ್ಯಾಬ್ ಟೆಕ್ನೀಷಿಯನ್, ಫೈನಾನ್ಸ್ ಕಂಪನಿಯ ಕಲೆಕ್ಷನ್ ಹುಡುಗ, ಮೊಬೈಲ್ ಅಂಗಡಿಯ ಸೇಲ್ಸ್ ಹುಡುಗಿ. ಅವರ ಹತ್ತಿರ ತಿಂಗಳಿಗೆ ಐದು ಸಾವಿರ ಇರುತ್ತದೆ, ಒಂದೇ ಸಲ ಐವತ್ತು ಇರುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತ ಇದೆ. ಅದು ಮಾದರಿ ಅಷ್ಟೇ, ಆಯಾ ರಾಜ್ಯ ಒಪ್ಪಿಕೊಂಡು ಕಾನೂನು ಮಾಡಿದರೆ ಮಾತ್ರ ಜಾರಿ. ಆದರೆ ಅಳತೆಗೋಲಾಗಿ ಚೆನ್ನಾಗಿದೆ. ಎರಡು, ಹೆಚ್ಚೆಂದರೆ ಮೂರು ತಿಂಗಳದ್ದು ತಗೊಳ್ಳಿ. ಖಾಲಿ ಮಾಡುವಾಗ ಯಾವುದಕ್ಕೆ ಹಿಡಿಯುತ್ತೀರಿ, ಯಾವುದಕ್ಕೆ ಹಿಡಿಯಲ್ಲ ಅಂತ ಕರಾರಿನಲ್ಲೇ ಬರೆಯಿರಿ. ಒಂದು ವರ್ಷ ಇದ್ದವನಿಗೆ ಇಡೀ ರೂಮಿನ ಪೇಂಟಿಂಗ್ ಖರ್ಚು ಹಾಕುವುದು ನಮ್ಮೂರಿನಲ್ಲಿ ತುಂಬಾ ನಡೆಯುತ್ತದೆ, ಅದು ನ್ಯಾಯವಲ್ಲ. ಹೀಗೆ ಕಳೆದುಕೊಂಡ ಹುಡುಗ ತನ್ನ ಜೂನಿಯರ್‌ಗಳಿಗೆಲ್ಲ ಹೇಳದೆ ಬಿಡುವುದೂ ಇಲ್ಲ.

ಗೇಟಿನ ಬೀಗ. ಮೆಗ್ಗಾನ್ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುವವರು, ಖಾಸಗಿ ಆಸ್ಪತ್ರೆ ನರ್ಸ್‌ಗಳು, ಹೋಟೆಲ್‌ನವರು, ಊಟ ಡೆಲಿವರಿ ಮಾಡುವವರು ಇವರೆಲ್ಲ ಒಂಬತ್ತಕ್ಕೆ ಮನೆಗೆ ಬರುವ ಜನವಲ್ಲ. ಭಾನುವಾರ ರಾತ್ರಿ ಬೆಂಗಳೂರಿನಿಂದ ರೈಲಿನಲ್ಲಿ ಬಂದವರು ಗೇಟಿನ ಮುಂದೆ ನಿಂತು ನಿಮಗೆ ಫೋನ್ ಮಾಡಬೇಕಾ? ಮೇಲಕ್ಕೆ ಹೋಗುವ ಮೆಟ್ಟಿಲಿಗೆ ಬೇರೆ ಸಣ್ಣ ಗೇಟು ಇಟ್ಟು ಒಬ್ಬೊಬ್ಬರಿಗೆ ಒಂದೊಂದು ಕೀ ಕೊಟ್ಟುಬಿಡಿ. ನಿಮ್ಮ ನಿದ್ದೆಯೂ ಕೆಡಲ್ಲ, ಅವರ ಮರ್ಯಾದೆಯೂ ಉಳಿಯುತ್ತದೆ. ಭಯ ಇದ್ದರೆ ಮೆಟ್ಟಿಲ ಹತ್ತಿರ ಒಂದು ಕ್ಯಾಮೆರಾ ಹಾಕಿ, ಹಾಕಿದ್ದೇನೆ ಅಂತ ಮೊದಲೇ ಹೇಳಿ. ರೂಮಿನ ಬಾಗಿಲ ಕಡೆಗೆ ಮಾತ್ರ ತಿರುಗಿಸಬೇಡಿ.

ಸ್ನೇಹಿತರು ಬರಬಾರದು ಅನ್ನುವುದಕ್ಕೂ ಇದೇ ಮಾತು. "ರಾತ್ರಿ ಹತ್ತರ ಮೇಲೆ ಗಲಾಟೆ ಬೇಡ, ಯಾರಾದರೂ ಎರಡು ಮೂರು ದಿನ ಉಳಿಯುವುದಾದರೆ ತಿಳಿಸಿ" ಅಂದರೆ ಯಾರೂ ಬೇಡ ಅನ್ನಲ್ಲ. ನಿಮಗೆ ಬೇಕಿರುವುದು ಶಾಂತಿ ತಾನೇ? ಅದನ್ನೇ ಕೇಳಿ.

ಮಾಂಸದ ವಿಷಯ. ಮನೆ ನಿಮ್ಮದು, ನಿರ್ಧಾರ ನಿಮ್ಮದು. ಆದರೆ ಮಲೆನಾಡಿನಲ್ಲಿ ಕೂತು ಮೀನು ತಿನ್ನದ ಹುಡುಗರನ್ನೇ ಕಾಯುತ್ತೇನೆ ಅಂದರೆ ರೂಮು ಖಾಲಿ ಇರುವ ದಿನಗಳೂ ನಿಮ್ಮವೇ. ಬಿಡಲು ಆಗದಿದ್ದರೆ ಜಾಹೀರಾತಿನಲ್ಲೇ ಬರೆಯಿರಿ, ಬಿಸಿಲಲ್ಲಿ ಬಂದು ಮೆಟ್ಟಿಲು ಹತ್ತಿದ ಮೇಲೆ ಹೇಳಬೇಡಿ. "ನೀವು ಯಾವ ಜನ?" ಅಂತ ಸುತ್ತುಬಳಸಿ ಕೇಳುವುದನ್ನಂತೂ ನಿಲ್ಲಿಸಿ. ನೀವು ಕೇಳುತ್ತೀರೋ ಇಲ್ಲವೋ ಗೊತ್ತಿಲ್ಲ, ನಮ್ಮೂರಿನಲ್ಲಿ ಕೇಳುವವರು ಬಹಳ ಜನ ಇದ್ದಾರೆ. ಈಗಿನ ಹುಡುಗರು ಅದಕ್ಕೆ ಉತ್ತರ ಕೊಡಲ್ಲ. "ಹೇಳ್ತೀವಿ ಸಾರ್" ಅಂತಾರೆ.

ಈಗ ನೀರು. ಒಂದು ಗಂಟೆ ನೀರು ಅಂದರೆ ಬಕೆಟ್ ಹಿಡಿದು ಕಾಯುವ ಬದುಕು. ಮೂರು ರೂಮಿಗೆ ಅಂತಲೇ ಒಂದು ಬೇರೆ ಟ್ಯಾಂಕ್ ಕೂರಿಸಿ. ಸಂಪಿನಿಂದ ತುಂಬುವ ಹೊತ್ತು ನಿಮ್ಮ ಕೈಯಲ್ಲೇ ಇರಲಿ, ನಲ್ಲಿ ಅವರ ಕೈಯಲ್ಲಿರಲಿ. ನೀರು ಪೋಲಾಗುತ್ತದೆ ಅನ್ನುವ ಭಯವೂ ಇದರಿಂದ ಹೋಗುತ್ತದೆ. ಅವರ ಟ್ಯಾಂಕ್ ಖಾಲಿಯಾದರೆ ಅವರಿಗೇ ಗೊತ್ತಾಗುತ್ತದೆ.

ಬಿಸಿನೀರನ್ನು ಮರೆಯಬೇಡಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸೋಲಾರ್ ನಂಬುವ ಹಾಗಿಲ್ಲ. ಹಂಡೆ ಒಲೆ ಉರಿಸಿ ಸ್ನಾನ ಮಾಡಲು ಬಾಡಿಗೆ ಹುಡುಗರಿಗೆ ಜಾಗವೂ ಇಲ್ಲ, ಪುರುಸೊತ್ತೂ ಇಲ್ಲ. ಗೀಸರ್ ಇಲ್ಲದ ರೂಮಿಗೆ ಅವರು ತರುವುದು ಬಕೆಟ್‌ಗೆ ಇಳಿಬಿಡುವ ಕಾಯಿಲ್ ಹೀಟರ್. ಒದ್ದೆ ಬಚ್ಚಲಲ್ಲಿ, ಹಳೇ ಪ್ಲಗ್‌ನಲ್ಲಿ ಅದು ಎಷ್ಟು ಅಪಾಯ ಅಂತ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ. ಮೂರು ಲೀಟರ್‌ನ ಇನ್‌ಸ್ಟಂಟ್ ಗೀಸರ್ ಹಾಕಿಸಿ. ಅದು ಸಾಮಾನ್ಯವಾಗಿ ಮೂರು ಕಿಲೋವ್ಯಾಟ್ ಎಳೆಯುತ್ತದೆ, ಹತ್ತು ನಿಮಿಷ ಓಡಿದರೆ ಅರ್ಧ ಯೂನಿಟ್. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ದಪ್ಪ ವೈರ್, ಸರಿಯಾದ ಅರ್ಥಿಂಗ್ ಇದೆಯಾ ನೋಡಿಸಿ.

ಕರೆಂಟ್ ಬಿಲ್ ಬಗ್ಗೆ ನೀವು ಬರೆದಿಲ್ಲ, ಆದರೆ ಮೂರು ರೂಮೂ ನಿಮ್ಮ ಮನೆಯ ಮೀಟರ್‌ನಲ್ಲೇ ಇದೆ ಅಂತ ನನ್ನ ಊಹೆ. ಹಾಗಿದ್ದರೆ ಎಲ್ಲರ ಬಳಕೆ ಸೇರಿ ತಿಂಗಳಿಗೆ 200 ಯೂನಿಟ್ ದಾಟುತ್ತದೆ, ಗೃಹಜ್ಯೋತಿ ತಪ್ಪುತ್ತದೆ, ಪೂರ್ತಿ ಬಿಲ್ ಬರುತ್ತದೆ. ಮೆಸ್ಕಾಂಗೆ ಅರ್ಜಿ ಕೊಟ್ಟು ರೂಮುಗಳಿಗೆ ಬೇರೆ ಬೇರೆ ಮೀಟರ್ ಮಾಡಿಸಿ. 2023ರಲ್ಲಿ ಶುರುವಾದ ಈ ಯೋಜನೆ ಬಾಡಿಗೆದಾರರಿಗೂ ಇದೆ. ಆ ಮೀಟರ್‌ನ ಅಕೌಂಟ್ ಐಡಿಗೆ ಬಾಡಿಗೆದಾರರ ಆಧಾರ್ ಜೋಡಿಸಿ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು, ಬಾಡಿಗೆ ಕರಾರು ಪತ್ರ ಕೈಯಲ್ಲಿರಬೇಕು. ಎಷ್ಟು ಯೂನಿಟ್ ಉಚಿತ ಅನ್ನುವುದು ಆ ಮೀಟರ್‌ನ ಹಿಂದಿನ ಸರಾಸರಿ ಮೇಲೆ ನಿಂತಿದೆ, ಎಲ್ಲರಿಗೂ 200 ಸಿಗಲ್ಲ. ಆದರೂ ಒಂಟಿ ಹುಡುಗನ ರೂಮಿಗೆ ಬಿಲ್ ಸೊನ್ನೆ ಅಥವಾ ಸೊನ್ನೆಯ ಆಸುಪಾಸು ಬರಬಹುದು. ಕೆಲವು ಮಾಲೀಕರು ಕರಾರು ಪತ್ರ ಕೊಡಲು ಹೆದರಿ ಹುಡುಗರಿಗೆ ಇದನ್ನು ತಪ್ಪಿಸುತ್ತಾರೆ. ನಿಮಗೆ ಕಾಸು ಖರ್ಚಿಲ್ಲದೆ ಅವರ ತಿಂಗಳ ಖರ್ಚು ಇಳಿಸುವ ದಾರಿ ಇದು. ರೂಮು ಬಿಡುವಾಗ ಆಧಾರ್ ಜೋಡಣೆ ತೆಗೆಸಿಕೊಂಡು ಹೋಗಲು ಹೇಳಿ, ಇಲ್ಲದಿದ್ದರೆ ಮುಂದೆ ಬರುವವರಿಗೆ ತಲೆನೋವು.

ಎಲ್ಲಕ್ಕಿಂತ ದೊಡ್ಡ ವಿಷಯ ಕೊನೆಗೆ ಬಂತು. ನಾಲ್ಕು ತಿಂಗಳಿಂದ ಖಾಲಿ ಅಂದಿರಿ, ಅಂದರೆ ಮಳೆಯಲ್ಲಿ ಜನ ನೋಡಲು ಬಂದಿದ್ದಾರೆ. ಬಾಗಿಲು ತೆಗೆದ ಕೂಡಲೇ ತೇವದ ವಾಸನೆ ಬಂತಾ? ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಇತ್ತಾ? ಹಾಗಿದ್ದರೆ ಬಾಡಿಗೆ ಕೇಳುವ ಮೊದಲೇ ಅವರು ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಸರ್ಟಿಫಿಕೇಟ್, ಪುಸ್ತಕ, ಬಟ್ಟೆ, ಲ್ಯಾಪ್‌ಟಾಪ್ ಎಲ್ಲ ಅದೇ ಒಂದು ಕೋಣೆಯಲ್ಲಿ ಇಡಬೇಕಲ್ಲ. ಇದಕ್ಕೆ ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿದರೆ ಉಪಯೋಗವಿಲ್ಲ, ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದು ಉದುರುತ್ತದೆ. ನೀರು ಹೊರಗಿನಿಂದ ಬರುತ್ತಿದೆ, ಹೊರಗಿನಿಂದಲೇ ತಡೆಯಬೇಕು. ಗಾಳಿಮಳೆ ಹೊಡೆಯುವ ಪಶ್ಚಿಮದ ಗೋಡೆಯ ಬಿರುಕು ಮುಚ್ಚಿಸಿ, ಕಿಟಕಿಗೆ ಸಜ್ಜಾ ಇಲ್ಲದಿದ್ದರೆ ಶೀಟು ಇಳಿಸಿ, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿ. ಬಣ್ಣ ಹೊಡೆಸುವುದು ಫೆಬ್ರವರಿ ಮಾರ್ಚ್‌ನಲ್ಲಿ, ಗೋಡೆ ಪೂರ್ತಿ ಒಣಗಿದ ಮೇಲೆ. ಮಳೆಗಾಲದಲ್ಲಿ ಹೊಡೆಸಿದ ಪೇಂಟ್ ದುಡ್ಡು ನೀರಿಗೆ ಹಾಕಿದ ಹಾಗೆ.

ಸಾಧ್ಯವಾದರೆ ಟೆರೇಸ್ ಮೇಲೆ ಶೀಟು ಹಾಕಿಸಿ. ಮಲೆನಾಡಿನಲ್ಲಿ ಆರ್‌ಸಿಸಿ ಮನೆಯ ಮೇಲೂ ಶೀಟು ಹಾಕುವುದು ಸುಮ್ನೆ ಅಲ್ಲ. ಸೋರುವುದು ನಿಲ್ಲುತ್ತದೆ, ಜೊತೆಗೆ ಜುಲೈ ತಿಂಗಳಲ್ಲಿ ಬಟ್ಟೆ ಒಣಗಿಸಲು ಜಾಗ ಆಗುತ್ತದೆ. ಮೂರು ದಿನವಾದರೂ ಒಣಗದ ಜೀನ್ಸ್ ಹಾಕಿಕೊಂಡು ಕಾಲೇಜಿಗೆ ಹೋದವರಿಗೆ ಈ ಜಾಗದ ಬೆಲೆ ಗೊತ್ತು. ಜಾಹೀರಾತಿನಲ್ಲಿ "ಮಳೆಯಲ್ಲೂ ಬಟ್ಟೆ ಒಣಗಿಸಬಹುದು, ಬೈಕ್ ನಿಲ್ಲಿಸಲು ಶೀಟಿನ ನೆರಳಿದೆ" ಅಂತ ಬರೆದು ನೋಡಿ. ಗ್ರಾನೈಟ್ ಅಡುಗೆ ಕಟ್ಟೆ ಅಂತ ಬರೆದದ್ದಕ್ಕಿಂತ ಜಾಸ್ತಿ ಫೋನ್ ಬರುತ್ತದೆ.

ವೈಫೈ? ನೀವೇ ಒಂದು ಫೈಬರ್ ಕನೆಕ್ಷನ್ ತಗೊಂಡು ಮೂರು ರೂಮಿಗೂ ಹಂಚಿ, ರೌಟರ್‌ಗೆ ಸಣ್ಣ ಬ್ಯಾಕಪ್ ಕೊಡಿ, ಬಾಡಿಗೆಯಲ್ಲೇ ಸೇರಿಸಿ. ಒಬ್ಬೊಬ್ಬರೂ ಬೇರೆ ಬೇರೆ ಹಾಕಿಸಿಕೊಳ್ಳುವುದಕ್ಕಿಂತ ಅಗ್ಗ, ಗೋಡೆಗೆ ತೂತುಗಳೂ ಕಡಿಮೆ. ಇಂಟರ್ನೆಟ್ ಯಾರ ಹೆಸರಲ್ಲಿದೆ ಅನ್ನುವುದು ನೆನಪಿರಲಿ. ಪಾಸ್‌ವರ್ಡ್ ಬಾಡಿಗೆದಾರರಿಗೆ ಮಾತ್ರ ಕೊಡಿ, ಯಾರಾದರೂ ರೂಮು ಬಿಟ್ಟಾಗ ಬದಲಿಸಿ.

ಟು-ಲೆಟ್ ಬೋರ್ಡ್ ಯಾವಾಗ ಹಾಕಬೇಕು ಅನ್ನುವುದೂ ಮುಖ್ಯ. ಸವಳಂಗ ರಸ್ತೆಯ ಜೆಎನ್‌ಎನ್‌ಸಿಇ, ನವಿಲೆಯ ಕೃಷಿ ಕಾಲೇಜು, ನಿಮ್ಮದೇ ವಿನೋಬನಗರದ ವೆಟರ್ನರಿ ಕಾಲೇಜು, ವಿದ್ಯಾನಗರದ ಸಹ್ಯಾದ್ರಿ ಕಾಲೇಜು ಎಲ್ಲ ನಿಮ್ಮ ಗಿರಾಕಿಗಳ ಜಾಗ. ಡಿಗ್ರಿಯವರು ಜೂನ್ ಜುಲೈನಲ್ಲಿ ಹುಡುಕುತ್ತಾರೆ, ಸಿಇಟಿ ಮೂಲಕ ಬರುವವರು ಸೀಟು ಹಂಚಿಕೆ ಮುಗಿದ ಮೇಲೆ, ಅಂದರೆ ಇನ್ನೂ ತಡವಾಗಿ. ವರ್ಗಾವಣೆ ಆದ ನೌಕರರು ಬೇಸಿಗೆಯಲ್ಲೇ ಹುಡುಕುತ್ತಾರೆ. ಮಧ್ಯದಲ್ಲಿ ಆಷಾಢ ಬರುತ್ತದೆ. ಹುಡುಗರಿಗೆ ಆಷಾಢ ಶ್ರಾವಣ ಒಂದೇ, ಆದರೆ ಜೊತೆಗೆ ಬರುವ ಅಮ್ಮನಿಗೆ ಅಲ್ಲ. ಹಾಗಾಗಿ ಆಷಾಢ ಹಿಡಿಯುವ ಮೊದಲೇ ಅಡ್ವಾನ್ಸ್ ತಗೊಂಡು ಕೀ ಕೊಡಿ, ಬೇಕಾದರೆ ಹಾಲು ಉಕ್ಕಿಸಿ ಬೀಗ ಹಾಕಿಕೊಂಡು ಹೋಗಲಿ.

ಇನ್ನು ಫೋಟೊ. ಹಗಲು ಹೊತ್ತಿನಲ್ಲಿ, ಕಿಟಕಿ ತೆಗೆದು, ಟಾಯ್ಲೆಟ್‌ನದ್ದೂ ಸೇರಿಸಿ ತೆಗೆಯಿರಿ. ಬಾಡಿಗೆ, ಅಡ್ವಾನ್ಸ್, ಗೂಗಲ್ ಮ್ಯಾಪ್ ಲೊಕೇಶನ್ ಮೂರನ್ನೂ ಬರೆಯಿರಿ. "ಬಾಡಿಗೆ ಮಾತಾಡೋಣ, ಫೋನ್ ಮಾಡಿ" ಅಂದರೆ ಈಗಿನವರು ಮಾಡಲ್ಲ. ಹತ್ತಿರದ ಮೆಸ್ಸಿನ ಅಕ್ಕನಿಗೆ, ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯವರಿಗೆ ಒಂದು ಮಾತು ಹೇಳಿಡಿ. ಇರುವ ಮೂರನೇ ರೂಮಿನ ಹುಡುಗನನ್ನು ಕೇಳಿದಿರಾ? ಅವನ ಸ್ನೇಹಿತರು ಯಾಕೆ ಬರುತ್ತಿಲ್ಲ ಅನ್ನುವುದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ಶಿವಮೊಗ್ಗದ ಗಾಂಧಿಬಜಾರ್ ಹಿಂಭಾಗದಲ್ಲಿ ನಮ್ಮ ಮಾವನವರ ಕಾಲದ ವಠಾರ ಇದೆ. ಹಂಚಿನ ಮನೆಗಳು, ಎರಡೆರಡು ಕೋಣೆ, ಹಿತ್ತಲಲ್ಲಿ ಎಲ್ಲರಿಗೂ ಸೇರಿ ಎರಡು ಟಾಯ್ಲೆಟ್. ಮೊದಲು ಸಂಸಾರಗಳಿದ್ದವು, ಈಗ ಅರ್ಧ ಖಾಲಿ. ಮಗ ಕೆಡವಿ ಪಿಜಿ ಕಟ್ಟೋಣ ಅಂತಾನೆ. ಸಾಲ ಮಾಡಲು ನನಗೆ ಭಯ. ಇರುವುದನ್ನೇ ಚಿಕ್ಕ ವಯಸ್ಸಿನವರಿಗೆ ಕೊಡಲು ಆಗಲ್ವಾ?

ಉತ್ತರ: ಆಗುತ್ತೆ ಅಮ್ಮ. ಆದರೆ ಹಂಚಿನ ಮನೆ ಚಂದ ಅಂತ ಫೋಟೊ ತೆಗೆಯುವವರೂ ಹಿತ್ತಲ ಟಾಯ್ಲೆಟ್ ನೋಡಿ ವಾಪಸ್ ಹೋಗುತ್ತಾರೆ. ರಾತ್ರಿ ಹನ್ನೆರಡಕ್ಕೆ ಮಳೆಯಲ್ಲಿ ಕೊಡೆ ಹಿಡಿದು ಹಿತ್ತಲಿಗೆ ಹೋಗಲು ಇಪ್ಪತ್ತೆರಡು ವಯಸ್ಸಿನ ಹುಡುಗಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಮನೆ ಮನೆಗೆ ಪ್ರತ್ಯೇಕ ಟಾಯ್ಲೆಟ್, ಇದಕ್ಕೆ ಮೊದಲ ಖರ್ಚು. ಎಲ್ಲ ಒಟ್ಟಿಗೆ ಬೇಡ. ಖಾಲಿ ಇರುವುದರಲ್ಲಿ ಎರಡು ಮನೆಗೆ ಮಾಡಿಸಿ, ಅದರ ಬಾಡಿಗೆ ಬಂದ ಮೇಲೆ ಮುಂದಿನದು. ಇದಕ್ಕೆ ಪಿಜಿ ಕಟ್ಟುವಷ್ಟು ಸಾಲ ಬೇಕಾಗಲ್ಲ.

ಮಳೆಗೆ ಮೊದಲು ಹಂಚು ಕೈಯಾಡಿಸಿ, ಮಂಗಗಳು ಸರಿಸಿದ್ದನ್ನು ಜೋಡಿಸಿ, ಒಳಗೆ ಎರಡು ಗಾಜಿನ ಹಂಚು ಹಾಕಿಸಿ ಬೆಳಕು ಬರುವ ಹಾಗೆ ಮಾಡಿ. ಮಣ್ಣಿನ ಗೋಡೆಯಾಗಿದ್ದರೆ ಸುಣ್ಣವೇ ಒಳ್ಳೆಯದು, ಪ್ಲಾಸ್ಟಿಕ್ ಪೇಂಟ್ ಬಳಿದರೆ ಗೋಡೆಯೊಳಗಿನ ತೇವ ಹೊರಗೆ ಹೋಗಲು ದಾರಿ ಇರಲ್ಲ. ಬಾಗಿಲಿಗೆ ಹಳೇ ಚಿಲಕ ಅಗುಳಿ ಜೊತೆ ಒಂದು ಒಳ್ಳೆಯ ಲಾಕ್ ಇರಲಿ. ವೈರಿಂಗ್ ಮಾವನವರ ಕಾಲದ್ದೇ ಆಗಿದ್ದರೆ ಪೂರ್ತಿ ಬದಲಿಸಿ, ಇದರಲ್ಲಿ ಉಳಿತಾಯ ಬೇಡ.

ನಿಮ್ಮ ವಠಾರಕ್ಕೆ ಸರಿಹೊಂದುವವರು ವಿದ್ಯಾರ್ಥಿಗಳ ಗುಂಪಲ್ಲ ಅನ್ನಿಸುತ್ತದೆ. ಹೊಸದಾಗಿ ಮದುವೆಯಾದ, ಇಬ್ಬರೂ ಅಂಗಡಿಯಲ್ಲೋ ಆಫೀಸಿನಲ್ಲೋ ದುಡಿಯುವ ಜೋಡಿಗಳು. ಪೇಟೆ ನಡೆದುಕೊಂಡು ಹೋಗುವಷ್ಟು ಹತ್ತಿರ, ಬಸ್ ಖರ್ಚಿಲ್ಲ, ಎರಡು ಕೋಣೆ ಸಾಕು. ಅಕ್ಕಪಕ್ಕ ಜನ ಇರುವ ವಠಾರ ಅವರಿಗೆ ಧೈರ್ಯವೂ ಹೌದು. ಒಂದು ವಿಷಯ ಮುಚ್ಚಿಡಬೇಡಿ. ತುಂಗೆ ಉಕ್ಕಿದಾಗ ನಿಮ್ಮ ಬೀದಿಗೆ ನೀರು ಬರುತ್ತದಾ? 2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಬಂದಿದ್ದರೆ ಎಲ್ಲಿಯವರೆಗೆ ಬಂತು ಅಂತ ಮೊದಲೇ ಹೇಳಿ, ಸಾಮಾನು ಎತ್ತಿಡಲು ಒಂದು ಅಟ್ಟ ಮಾಡಿಸಿಕೊಡಿ.

ಪ್ರಶ್ನೆ: ನಾನು ನರ್ಸ್, ವಯಸ್ಸು 24, ಊರು ಹೊಸನಗರ ಕಡೆ. ವಾರಕ್ಕೆ ಮೂರು ನೈಟ್ ಡ್ಯೂಟಿ ಇರುತ್ತೆ. ರೂಮು ನೋಡಲು ಹೋದರೆ ಮೊದಲ ಪ್ರಶ್ನೆ "ಒಬ್ಬಳೇನಾ?" ಎರಡನೇದು "ರಾತ್ರಿ ಯಾಕೆ ಹೊರಗೆ?" ಯೂನಿಫಾರಂ ಹಾಕಿಕೊಂಡು ಹೋದರೂ ಹೀಗೆ ಕೇಳ್ತಾರೆ ಮೇಡಂ. ಪಿಜಿಯಲ್ಲಿ ಹಗಲು ನಿದ್ದೆ ಮಾಡಲು ಆಗಲ್ಲ. ಏನು ಮಾಡಲಿ?

ಉತ್ತರ: ಈ ಪತ್ರ ಮೇಲಿನ ಮೇಷ್ಟ್ರಿಗೂ ಓದಿ ಹೇಳಬೇಕು ಅನ್ನಿಸುತ್ತಿದೆ. ತಂಗಿ, ನಿಮ್ಮಂಥ ಬಾಡಿಗೆದಾರರು ಮಾಲೀಕರಿಗೆ ಸಿಗುವ ಅತಿ ಕಡಿಮೆ ತೊಂದರೆಯ ಜನ. ತಿಂಗಳ ಸಂಬಳ, ಹಗಲು ನಿದ್ದೆ, ರಾತ್ರಿ ಡ್ಯೂಟಿ, ಗಲಾಟೆಗೆ ಪುರುಸೊತ್ತೇ ಇಲ್ಲ. ಇದನ್ನು ಅವರಿಗೆ ಕಾಣುವ ಹಾಗೆ ಮಾಡಬೇಕು. ಹೋಗುವಾಗ ಆಸ್ಪತ್ರೆಯ ಐಡಿ ಕಾರ್ಡ್ ಮತ್ತು ಈ ತಿಂಗಳ ಡ್ಯೂಟಿ ಪಟ್ಟಿ ತೋರಿಸಿ, ಬಾಡಿಗೆ ಯಾವ ತಾರೀಖಿಗೆ ಫೋನ್‌ಪೇ ಮಾಡುತ್ತೀರಿ ಹೇಳಿ. ಆದಷ್ಟು ಬೇರೆ ಮೆಟ್ಟಿಲು ಇರುವ ರೂಮನ್ನೇ ಹುಡುಕಿ. ಇಬ್ಬರು ನರ್ಸ್‌ಗಳು ಸೇರಿ ಒಂದು ಸಣ್ಣ ಮನೆ ಹಿಡಿದರೆ ಖರ್ಚೂ ಕಡಿಮೆ, "ಒಬ್ಬಳೇನಾ" ಅನ್ನುವ ಪ್ರಶ್ನೆಯೂ ಇಲ್ಲ. ನಿಮ್ಮ ಸೀನಿಯರ್‌ಗಳು ಬಿಡುವ ಮನೆ ಯಾವುದು ಅಂತ ವಾರ್ಡ್‌ನಲ್ಲೇ ಕೇಳಿಡಿ. ನೈಟ್ ಡ್ಯೂಟಿ ಅಂದರೆ ಏನು ಅಂತ ಆ ಓನರ್‌ಗೆ ಆಗಲೇ ಗೊತ್ತಿರುತ್ತದೆ, ಹೊಸದಾಗಿ ವಿವರಿಸುವ ಕೆಲಸ ಉಳಿಯಿತು.

ಕರಾರು ಪತ್ರ ಇಲ್ಲದೆ ಅಡ್ವಾನ್ಸ್ ಕೊಡಬೇಡಿ. ನೈಟ್ ಡ್ಯೂಟಿ ಇದೆ ಅನ್ನುವುದನ್ನು ಅದರಲ್ಲಿ ಒಂದು ಸಾಲು ಬರೆಸಿ. ಮುಂದೆ ಯಾರಾದರೂ ತಕರಾರು ತೆಗೆದರೆ ಆ ಸಾಲು ನಿಮ್ಮ ಪರ ಮಾತಾಡುತ್ತದೆ. "ರಾತ್ರಿ ಯಾಕೆ ಹೊರಗೆ" ಅಂತ ಎರಡನೇ ಸಲವೂ ಕೇಳಿದವರ ಮನೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಪ್ರಶ್ನೆ: ತೀರ್ಥಹಳ್ಳಿಯಿಂದ ಎಂಟು ಕಿಲೋಮೀಟರ್ ಒಳಗೆ ನಮ್ಮ ಹಳೇ ತೊಟ್ಟಿ ಮನೆ. ನಾವಿಬ್ಬರೇ ಇದ್ದೇವೆ, ಮಕ್ಕಳು ಬೆಂಗಳೂರಿನಲ್ಲಿ. ಮೂರು ಕೋಣೆ ಸುಮ್ಮನೆ ಬಿದ್ದಿವೆ. ಮನೆಯಿಂದಲೇ ಕೆಲಸ ಮಾಡುವ ಹುಡುಗರಿಗೆ ತಿಂಗಳ ಬಾಡಿಗೆಗೆ ಕೊಡಬಹುದಾ? ಹೋಂಸ್ಟೇ ಗಲಾಟೆ ನಮಗೆ ಬೇಡ.

ಉತ್ತರ: ಕೊಡಬಹುದು. ಆದರೆ ತೋಟ, ಹಳ್ಳ, ಕಡುಬು ಅಂತ ಆಸೆ ಹುಟ್ಟಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಜೋರು ಮಳೆಯ ದಿನ ನಿಮ್ಮ ಮಗನಿಂದ ಬೆಂಗಳೂರಿನಿಂದ ವಿಡಿಯೊ ಕಾಲ್ ಮಾಡಿಸಿ, ಒಂದು ಗಂಟೆ ಕಟ್ ಆಗದೆ ನಡೆಯುತ್ತದಾ ನೋಡಿ. ಲೈನ್ ಮೇಲೆ ಮರ ಬಿದ್ದರೆ ನಮ್ಮಲ್ಲಿ ಕರೆಂಟ್ ಎರಡು ದಿನ ಬರದಿರುವುದೂ ಉಂಟು. ಫೈಬರ್ ಕನೆಕ್ಷನ್, ದೊಡ್ಡ ಬ್ಯಾಟರಿಯ ಇನ್ವರ್ಟರ್, ಯಾವ ಕಂಪನಿಯ ಸಿಗ್ನಲ್ ಯಾವ ಕೋಣೆಯಲ್ಲಿ ಸಿಗುತ್ತದೆ ಅನ್ನುವ ಮಾಹಿತಿ, ಈ ಮೂರು ಇಲ್ಲದೆ ಇಂಥವರನ್ನು ಕರೆಯಬೇಡಿ. ಮೀಟಿಂಗ್ ಮಧ್ಯೆ ನೆಟ್ ಹೋದರೆ ಅವರು ಮರುದಿನವೇ ಬಸ್ ಹತ್ತುತ್ತಾರೆ.

ಒಂದು ರಾತ್ರಿ ಎರಡು ರಾತ್ರಿ ಅಂತ ಪ್ರವಾಸಿಗರಿಗೆ ಕೊಟ್ಟರೆ ಅದು ಹೋಂಸ್ಟೇ, ಅದಕ್ಕೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು. ಕರಾರು ಮಾಡಿಕೊಂಡು ತಿಂಗಳುಗಟ್ಟಲೆ ಕೊಡುವುದು ಬೇರೆ. ಎರಡನ್ನೂ ಕಲಸಬೇಡಿ. ಊಟ ನೀವೇ ಹಾಕುತ್ತೀರಾ ಅನ್ನುವುದನ್ನು ಯಜಮಾನರಲ್ಲ, ಅಡುಗೆ ಮಾಡುವವರು ತೀರ್ಮಾನಿಸಲಿ. ಮೂರು ಹೊತ್ತು ಬೇಯಿಸಿ ಹಾಕುವ ಕೆಲಸ ಆ ವಯಸ್ಸಿನಲ್ಲಿ ಅವರ ತಲೆ ಮೇಲೆ ಬೀಳುವುದು ನನಗೆ ಸರಿ ಕಾಣುವುದಿಲ್ಲ. ಇಂಡಕ್ಷನ್ ಒಲೆ ಇಟ್ಟು ಒಂದು ಮೂಲೆ ಬಿಟ್ಟುಕೊಡಿ. ಮೊದಲು ಒಬ್ಬರಿಗೆ ಕೊಟ್ಟು ನೋಡಿ. ಇಂಬಳದ (ಜಿಗಣೆಯ) ವಿಷಯ ಮೊದಲೇ ಹೇಳಿಬಿಡಿ, ಅದನ್ನು ನೋಡಿ ಓಡುವವರು ಬರುವ ಮೊದಲೇ ಓಡಲಿ.

ಪ್ರಶ್ನೆ: ಭದ್ರಾವತಿಯಲ್ಲಿ ಎರಡು ಸಣ್ಣ ಮನೆ ಇವೆ. ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ನಿಂತ ಮೇಲೆ ಬಾಡಿಗೆಗೆ ಬರುವವರೇ ಕಡಿಮೆಯಾದರು. ಹರೆಯದವರೆಲ್ಲ ಊರು ಬಿಟ್ಟಿದ್ದಾರೆ. ಯಾರಿಗೆ ಕೊಡುವುದು?

ಉತ್ತರ: ಕಾರ್ಖಾನೆ ನೌಕರರನ್ನು ಕಾಯುವ ಕಾಲ ಹೋಯಿತು. ಆದರೆ ದುಡಿಯುವ ಹರೆಯದವರು ನಿಮ್ಮ ಊರಿನ ಆಚೆ ಈಚೆ ದಿನವೂ ಓಡಾಡುತ್ತಿದ್ದಾರೆ. ಮಾಚೇನಹಳ್ಳಿ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿದ್ದಾರೆ. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟ ಇರುವುದೇ ನಿಮ್ಮ ತಾಲ್ಲೂಕಿನಲ್ಲಿ, ಅಲ್ಲಿ ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳು, ಸಂಶೋಧನೆ ಮಾಡುವವರು ಇರುತ್ತಾರೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ವಸತಿಗೆ ಅಂತ ವಿದ್ಯಾಸಿರಿ ಸಹಾಯಧನ ಇದೆ. ಆ ಹಣ ಕೆಲವೊಮ್ಮೆ ತಡವಾಗಿ ಬಂದರೆ ಬಾಡಿಗೆಗೆ ಸ್ವಲ್ಪ ತಾಳ್ಮೆ ಇರಲಿ. ಬಿ.ಎಚ್. ರಸ್ತೆಗೆ ಹತ್ತಿರವಾದ ಮನೆಯನ್ನು ಮೂರು ನಾಲ್ಕು ಜನ ಹೆಣ್ಣುಮಕ್ಕಳಿಗೆ ಸೇರಿಸಿ ಕೊಡಿ, ಮಂಚ ಮತ್ತು ಗ್ಯಾಸ್ ಒಲೆ ನೀವೇ ಇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಅವರಿಗೆ ಉಚಿತ. ಕೆಲಸದಿಂದ ಸ್ವಲ್ಪ ದೂರವಾದರೂ ಬಾಡಿಗೆ ಕಡಿಮೆ ಇರುವ ಊರಿನಲ್ಲಿ ಇರಬಹುದು ಅನ್ನುವ ಲೆಕ್ಕ ಈಗ ಅವರಿಗೆ ಸರಿಹೋಗುತ್ತದೆ. ಪ್ರೈವೇಟ್ ಬಸ್ಸೇ ಜಾಸ್ತಿ ಓಡುವ ತೀರ್ಥಹಳ್ಳಿ ದಾರಿಯಲ್ಲಿ ಈ ಲೆಕ್ಕ ಹಿಡಿಯಬೇಡಿ.

ಪ್ರಶ್ನೆ: ನಮ್ಮ ಬಾಡಿಗೆದಾರ ಬ್ಯಾಂಕ್ ನೌಕರ, ಬಾಡಿಗೆ ರಸೀದಿ ಕೇಳುತ್ತಿದ್ದಾನೆ. ಕೊಟ್ಟರೆ ನನಗೆ ಟ್ಯಾಕ್ಸ್ ಬೀಳುತ್ತೆ ಅಂತ ಅಣ್ಣ ಹೆದರಿಸುತ್ತಾನೆ. ಬಾಡಿಗೆ 7,000. ನನಗೆ ಬೇರೆ ಆದಾಯ ಅಷ್ಟಿಲ್ಲ.

ಉತ್ತರ: ಕೊಡಿ. ರಸೀದಿ ಕೊಡದಿದ್ದರೂ ಬಾಡಿಗೆ ಆದಾಯವೇ, ತೋರಿಸಬೇಕಾದದ್ದೇ. ಅವನು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ಅದು ಬೇಕು. ವರ್ಷಕ್ಕೆ ಒಂದು ಲಕ್ಷ ದಾಟಿದರೆ ಮಾತ್ರ ಮಾಲೀಕರ ಪ್ಯಾನ್ ಕೇಳುತ್ತಾರೆ, ನಿಮ್ಮದು 84,000. ನಿಮ್ಮ ಕಡೆ ಲೆಕ್ಕ ಹಾಕುವಾಗ ಬಾಡಿಗೆಯಲ್ಲಿ ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ ಶೇಕಡಾ 30 ರಿಪೇರಿ ಇತ್ಯಾದಿಗೆ ಅಂತ ಕಾನೂನೇ ಬಿಡುತ್ತದೆ. ಬೇರೆ ಆದಾಯ ಅಷ್ಟಿಲ್ಲ ಅಂದ ಮೇಲೆ ತೆರಿಗೆ ಬರುವ ಮಟ್ಟಕ್ಕೆ ನೀವು ಹೋಗುವುದು ಕಷ್ಟ. ಅಣ್ಣನಿಗೂ ಹೇಳಿ.

ಪ್ರಶ್ನೆ: ಹುಡುಗರು ಖಾಲಿ ಮಾಡಲ್ಲ ಅಂದರೆ? ಕರಾರು 11 ತಿಂಗಳಿಗೇ ಯಾಕೆ ಮಾಡಬೇಕು?

ಉತ್ತರ: ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, 1908ರ ನೋಂದಣಿ ಕಾಯ್ದೆ ಹಾಗೆ ಹೇಳುತ್ತದೆ. ಅದಕ್ಕೇ ಎಲ್ಲರೂ 11 ತಿಂಗಳಿಗೆ ಮಾಡುವುದು. ಖಾಲಿ ಮಾಡಲ್ಲ ಅನ್ನುವ ಭಯ ನಿಜ ಹೇಳಬೇಕೆಂದರೆ ಸಂಸಾರಸ್ಥರ ಬಗ್ಗೆ ಇರಬೇಕಾದದ್ದು. ಓದುವವರು ಕೋರ್ಸ್ ಮುಗಿದರೆ, ಕೆಲಸದವರು ಬೆಂಗಳೂರಿಗೆ ಆಫರ್ ಬಂದರೆ ನೀವು ಇರಿ ಅಂದರೂ ಇರಲ್ಲ. ಎರಡೂ ಕಡೆಗೆ ಒಂದು ತಿಂಗಳ ನೋಟಿಸ್ ಅಂತ ಬರೆಯಿರಿ. ಆಧಾರ್ ಪ್ರತಿ, ಊರಿನ ವಿಳಾಸ, ಅಪ್ಪ ಅಮ್ಮನ ಫೋನ್ ನಂಬರ್ ತಗೊಂಡಿಡಿ. ಜಗಳ ಬಂತು ಅಂತ ನೀರು, ಕರೆಂಟ್ ಕಟ್ ಮಾಡಿ ಓಡಿಸಲು ಮಾತ್ರ ಹೋಗಬೇಡಿ, ಕೇಸು ನಿಮ್ಮ ಮೇಲೇ ತಿರುಗುತ್ತದೆ.

ಪ್ರಶ್ನೆ: ನಮ್ಮದು ಐದು ಸಾವಿರ ಬಾಡಿಗೆಯ ರೂಮು. ಬ್ರೋಕರ್ ಎರಡೂ ಕಡೆಯಿಂದ ಒಂದೊಂದು ತಿಂಗಳ ಬಾಡಿಗೆ ಕೇಳುತ್ತಾನೆ. ಕೊಡಬೇಕಾ?

ಉತ್ತರ: ನಿಮ್ಮದು ಐದು ಸಾವಿರದ ರೂಮು. ಅಡ್ವಾನ್ಸ್ ಜೊತೆಗೆ ಬ್ರೋಕರ್‌ಗೂ ಐದು ಅಂದರೆ ಹುಡುಗ ಅಲ್ಲಿಂದಲೇ ತಿರುಗುತ್ತಾನೆ. ದೊಡ್ಡ ಮನೆಗೆ ಬ್ರೋಕರ್ ಇರಲಿ. ಇಂಥ ರೂಮಿಗೆ, ಖಾಲಿ ಮಾಡಿಕೊಂಡು ಹೋಗುತ್ತಿರುವ ಹುಡುಗನೇ ಸಾಕು. "ನಿನ್ನ ಜಾಗಕ್ಕೆ ಒಬ್ಬರನ್ನು ತಂದರೆ ಕೊನೆ ತಿಂಗಳ ಬಾಡಿಗೆಯಲ್ಲಿ ಅರ್ಧ ಬಿಡ್ತೀನಿ" ಅನ್ನಿ. ಅಡ್ವಾನ್ಸ್ ಸರಿಯಾಗಿ ವಾಪಸ್ ಕೊಟ್ಟಿದ್ದರೆ ವಾರದೊಳಗೆ ತರುತ್ತಾನೆ.